ಬೂಟಿಗೆ ಔಷಧ ನಡೆದಿದೆ

೧

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿರುವ ಒಂದೊಂದು ಅಕ್ಷರವೂ ಖರೆ. ಬೇಕಾದರೆ ಬೀರಪ್ಪ ದೇವರ ಭಂಡಾರದ ಅರಿಸಿನ ಮುಟ್ಟಿ ಆಣೆ ಮಾಡುತ್ತೇನೆ. (ಭಂಡಾರ ಮುಟ್ಟಿ ಸುಳ್ಳು ಹೇಳಿದವನ ನಾಲಿಗೆ ಬಿದ್ದುಹೋಗುತ್ತದಂತೆ. ನನ್ನ ನಾಲಿಗೆಗೆ ಈಗ ನಲವತ್ತೆಂಟು ವರ್ಷ, ಇನ್ನೂ ಉಪ್ಪು ಖಾರ ಎರಡೂ ತಿಳಿಯುತ್ತವೆ. ಇದಕ್ಕಿಂತ ದೊಡ್ಡ ಸಾಕ್ಷಿ ನನ್ನಲ್ಲಿಲ್ಲ.)

ಹಾಗಾಗಿ ಖರೆಯ ಚಿಂತೆ ನನಗಿಲ್ಲ. ಚಿಂತೆ ಇರುವುದು ಶುರುವಿನದು. ಒಂದು ಜೊತೆ ಬೂಟಿನ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಮೊದಲ ಡ್ರಾಫ್ಟು ಗೋಕಾಕದ ಜಲಪಾತದಿಂದ ಶುರುವಾಗಿತ್ತು. ಒಂದೂವರೆ ಪುಟ ನೀರು ಧುಮುಕಿತು, ಬೂಟು ಬರಲಿಲ್ಲ. ಹರಿದು ಹಾಕಿದೆ. ಎರಡನೆಯದರಲ್ಲಿ ಬೂಟುಗಳೇ ಬರ್ಮಾದಿಂದ ನಡೆದುಕೊಂಡು ಬರುತ್ತವೆ, ಘಟಪ್ರಭಾ ನದಿಯಲ್ಲಿ ಅಟ್ಟೆ ತೊಳೆದುಕೊಳ್ಳುತ್ತವೆ, ತುಕ್ಕಾನಟ್ಟಿಯ ದಾರಿ ಕೇಳುತ್ತವೆ. ಇದು ನನಗೆ ಬಹಳ ಹಿಡಿಸಿತ್ತು. ನಮ್ಮ ಓಣಿಯ ಭರಮವ್ವನಿಗೆ ಓದಿ ಹೇಳಿದೆ. ಬೂಟು ಅವಳ ಗಂಡನದು. ಕೇಳುವ ಹಕ್ಕು ಅವಳಿಗಿದೆ.

"ಕಾಕಾ, ಅವು ನಡಕೊಂತ ಬಂದಿಲ್ಲ," ಎಂದಳು. "ಅವ್ರ ಹೆಗಲ ಮ್ಯಾಲ ಬಂದಾವು. ಲಾಡಿಗೆ ಲಾಡಿ ಗಂಟಹಾಕಿ, ಹಿಂದೊಂದು ಮುಂದೊಂದು ಇಳಿಬಿಟ್ಟಿದ್ರು."

"ಕಥಿಯೊಳಗ ಅಷ್ಟಿಷ್ಟು ಹಂಗ ನಡೀತೈತಿ ಯವ್ವಾ."

"ನಿಮಗ ನಡೀತೈತಿ. ಹೊತ್ತವ್ರಿಗೆ ಹೆಗಲು ಕೆಂಪಾಗಿತ್ತು."

ಮೂರನೆಯ ಡ್ರಾಫ್ಟು ಇದು.

೨

ನಲವತ್ತೊಂದನೆಯ ಇಸವಿಯ ಬೇಸಗೆ. ತುಕ್ಕಾನಟ್ಟಿ. ಕುರಿ ಕಾಯುವ ಬೀರಸಿದ್ದಪ್ಪನ ಒಬ್ಬನೇ ಮಗ ಮಾಯಪ್ಪ ಫೌಜಿನಿಂದ ಇಪ್ಪತ್ತು ದಿನದ ರಜೆಯ ಮೇಲೆ ಮನೆಗೆ ಬಂದ. ಕಾಲಲ್ಲಿ ಹೊಸ ಬೂಟು, ಹೆಗಲಲ್ಲಿ ಹಳೆಯ ಬೂಟು. ಹಳೆಯದನ್ನು ಸರಕಾರ ಸವೆದದ್ದೆಂದು ತೆಗೆದುಹಾಕಿತ್ತು. ಇವನು ಅಪ್ಪನಿಗೆಂದು ಕೇಳಿ ತಂದಿದ್ದ. ಜಾಲಿಮುಳ್ಳಿನ ಅಡವಿಯಲ್ಲಿ ಕುರಿಯ ಹಿಂದೆ ತಿರುಗುವ ಕಾಲಿಗೆ ಬೇಕಾದದ್ದೇ ಅದು.

ಒಂದೊಂದು ಬೂಟು ಈಗಷ್ಟೇ ಹುಟ್ಟಿದ ಕುರಿಮರಿಯಷ್ಟು ತೂಕ. ಅಟ್ಟೆಯ ತುಂಬ ಕಬ್ಬಿಣದ ಮೊಳೆ. ಮಾಯಪ್ಪ ಅದನ್ನು ತೊಟ್ಟು ಅಂಗಳದ ಕಲ್ಲಿನ ಮೇಲೆ ನಾಲ್ಕು ಹೆಜ್ಜೆ ಹಾಕಿ ತೋರಿಸಿದಾಗ ಆ ಸದ್ದಿಗೆ ಹಿಂಡು ಬೆದರಿ ಕುಲಗೋಡದ ತನಕ ಓಡಿತು. ತಿರುಗಿ ಹೊಡೆದುಕೊಂಡು ಬರಲು ಎರಡು ದಿನ ಹಿಡಿಯಿತು. (ಎರಡು ತಾಸು ಎಂದು ಭರಮವ್ವ ಹೇಳುತ್ತಾಳೆ. ಅವಳ ತಕರಾರನ್ನು ಇಲ್ಲಿ ದಾಖಲಿಸಿದ್ದೇನೆ. ಎರಡು ದಿನ.)

ಬೀರಸಿದ್ದಪ್ಪನ ಪಾದ ಹಲಗೆಯಂಥದ್ದು. ಒಳಗೆ ಹೋಗಲಿಲ್ಲ.

"ಇದರಾಗ ಕಾಲ ತುರುಕೂದಂದ್ರ ಟಗರಿನ ತಲಿ ತಂಬಿಗ್ಯಾಗ ಹಾಕಿದಂಗ ಆತು," ಎಂದ ಮುದುಕ.

"ಇರ್ಲಿ ಬಿಡಪ್ಪಾ. ತಿರುಗಿ ಬಂದಮ್ಯಾಲ ನಾನ ಹಾಕೋತೇನಿ," ಎಂದ ಮಾಯಪ್ಪ.

ಬೂಟು ಮನೆಯಲ್ಲಿ ಉಳಿದದ್ದು ಹೀಗೆ. ತೊಗಲಿನ ವಸ್ತು ಹೊಸ್ತಿಲು ದಾಟಬಾರದೆಂದು ಅತ್ತೆ ಇದ್ದಿದ್ದರೆ ಹೇಳುತ್ತಿದ್ದಳು, ಅತ್ತೆ ಇರಲಿಲ್ಲ. ಭರಮವ್ವ ಅವನ್ನು ಒಳಗೆ, ಕಂಬಳಿ ಮಡಚಿಡುವ ಹಲಗೆಯ ಕೆಳಗೆ ಇಟ್ಟಳು.

೨ (ಮತ್ತೊಮ್ಮೆ, ಯಾಕೆಂದರೆ ಮುಖ್ಯವಾದದ್ದನ್ನು ಬಿಟ್ಟುಬಿಟ್ಟೆ)

ಹೊರಡುವ ಹಿಂದಿನ ಮುಂಜಾನೆ ಮಾಯಪ್ಪ ಕಟ್ಟೆಯ ಮೇಲೆ ಕೂತು ಹೆಂಡತಿಗೆ ಬೂಟು ನೋಡಿಕೊಳ್ಳುವುದನ್ನು ಕಲಿಸಿದ. ಫೌಜಿನಲ್ಲಿ ಅವನು ಕಲಿತದ್ದರಲ್ಲಿ ಮನೆಯಲ್ಲಿ ಹೇಳಬಹುದಾದದ್ದು ಅದೊಂದೇ ಇತ್ತು.

"ಮೊದಲ ಲಾಡಿ ಬಿಚ್ಚು."

"ಬಿಚ್ಚಿದೆ."

"ನಾಲಿಗಿ ಹೊರಗ ಎಳಿ."

"ಯಾರದು?"

"ಬೂಟಿಂದು." ಅವನು ನಗಲಿಲ್ಲ, ನಗಬಾರದೆಂದು ತುಟಿ ಕಚ್ಚಿಕೊಂಡ. "ಕೆಸರ ಹಸಿ ಇದ್ದಾಗ ಮುಟ್ಟಬ್ಯಾಡ. ಒಣಗಿದ ಮ್ಯಾಲ ಬ್ರಶ್ ಹಚ್ಚು. ಹೊಲಿಗಿ ಸಂದಿನ್ಯಾಗ ಮಣ್ಣು ಉಳದ್ರ ದಾರ ಕೊಳೀತೈತಿ. ಆಮ್ಯಾಲ ಹಸಿ ಅರಿವಿಲೆ ಒರಸು."

"ತೊಯ್ದಾವು ಅಂದ್ರ ಒಲಿ ಮುಂದ ಇಡ್ಲೇನು?"

"ಅದೊಂದು ಮಾಡಬ್ಯಾಡ. ಬಿಸಿಗೆ ತೊಗಲು ಬಿರೀತೈತಿ. ಒಳಗ ಒಣಾ ಕಬ್ಬಿನ ರವದಿ ತುಂಬಿ ನೆರಳಾಗ ಇಡು, ಆಕಾರ ಕೆಡೂದಿಲ್ಲ. ಎಲ್ಲಾ ಮುಗದಮ್ಯಾಲ ಎಣ್ಣಿ. ಉಗುರಿನಷ್ಟು."

"ಎಷ್ಟು?"

"ಉಗುರಿನಷ್ಟು."

ಭರಮವ್ವ ತನ್ನ ಕಿರುಬೆರಳಿನ ಉಗುರು ನೋಡಿಕೊಂಡಳು. "ನಿಮ್ಮ ಸರಕಾರ ಭಾಳ ಜಿಪುಣ ಐತಿ ಬಿಡ್ರಿ."

ಆ ದಿನ ಅವಳು ಮೊದಲ ಬಾರಿಗೆ ಬೂಟಿನೊಳಗೆ ಕೈ ಹಾಕಿದ್ದು. ಎಡಗಾಲಿನದರಲ್ಲಿ, ಮುಂದೆ ಹೊರಮಗ್ಗುಲಿಗೆ, ತೊಗಲಿನಲ್ಲಿ ಅವರೆಕಾಳಿನಷ್ಟು ಒಂದು ಉಬ್ಬು. ಹುಡುಗನಿದ್ದಾಗ ಟಗರು ತುಳಿದು ಮಾಯಪ್ಪನ ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ನಡೆದು ನಡೆದು ಬೂಟಿನಲ್ಲಿ ಅದು ತನ್ನ ಮನೆ ಮಾಡಿಕೊಂಡಿತ್ತು. ಭರಮವ್ವ ಹೆಬ್ಬೆರಳಿನಿಂದ ಅದನ್ನು ಒತ್ತಿದಳು. ಮಾಯಪ್ಪ ತನ್ನ ಕಾಲನ್ನೇ ಮುಟ್ಟಿದಂತೆ ಕಾಲು ಹಿಂದಕ್ಕೆ ಎಳೆದುಕೊಂಡ.

(ಕೊನೆಯ ವಾಕ್ಯ ನನ್ನ ಸೇರ್ಪಡೆಯಲ್ಲ. ಅವಳೇ ಹೇಳಿದ್ದು. ನನಗೆ ಇಷ್ಟು ಚೆನ್ನಾಗಿ ಸುಳ್ಳು ಹೇಳಲು ಬರುವುದಿಲ್ಲ.)

೩

ಇಲ್ಲಿ ಯುದ್ಧದ ಅಧ್ಯಾಯ ಇರಬೇಕಿತ್ತು. ರಜೆ ಮುಗಿದು ಮಾಯಪ್ಪ ತಿರುಗಿ ಹೋದದ್ದು ಬರ್ಮಾಕ್ಕೆ. ನಾನು ಬರ್ಮಾ ನೋಡಿಲ್ಲ, ಭರಮವ್ವನೂ ನೋಡಿಲ್ಲ. ಅವಳು ನೋಡಿದ್ದು ಒಂದು ಕಾಗದ. ನಲವತ್ತೆರಡರಲ್ಲಿ ಬಂತು. ಸಾಲಿ ಮಾಸ್ತರರು ಓದಿ, ಎರಡನೆಯ ಸಲ ತಮಗೆ ತಾವೇ ಓದಿಕೊಂಡು, ಮಾಯಪ್ಪ ಪತ್ತೆಯಾಗಿಲ್ಲ ಎಂದರು. ಸತ್ತ ಎಂದು ಬರೆದಿಲ್ಲ. ಇದ್ದಾನೆ ಎಂದೂ ಬರೆದಿಲ್ಲ. ಬೇರೆ ಏನಾದರೂ ಬರೆದಿದೆಯೇ ಎಂದು ಭರಮವ್ವ ಕೇಳಿದಳು. ಕೆಳಗೆ ಸಾಹೇಬರ ಸಹಿ ಇದೆ ಎಂದರು ಮಾಸ್ತರರು.

ಅಧ್ಯಾಯ ಮುಗಿಯಿತು.

೪

ನಮ್ಮ ಸೀಮೆಯಲ್ಲಿ ಹೊಸ ಕಾಲ್ಮರಿ, ಅಂದರೆ ತೊಗಲಿನ ಚಪ್ಪಲಿ, ಕೊಂಡರೆ ಯಾರೂ ಹಾಗೇ ಮೆಟ್ಟುವುದಿಲ್ಲ. ಬೋಗುಣಿಯಲ್ಲಿ ಔಡಲೆಣ್ಣೆ ಹುಯ್ದು ಅದರಲ್ಲಿ ಅದ್ದಿಡುತ್ತಾರೆ. ಮುಂಜಾನೆ ನೋಡಿದರೆ ಎಣ್ಣೆ ಇರುವುದಿಲ್ಲ, ತೊಗಲು ಕುಡಿದಿರುತ್ತದೆ. ಮತ್ತೆ ಹುಯ್ಯುತ್ತಾರೆ. ಸಾಕು ಎನ್ನುವ ತನಕ ಕುಡಿಸುವುದು. ಮನೆಗೆ ಬಂದವರಿಗೆ ಬಡಿಸಿದ ಹಾಗೆ; ಎಣಿಸಿ ಬಡಿಸಿದರೆ ಮರ್ಯಾದೆಯಲ್ಲ.

ಭರಮವ್ವನ ತವರಿನಲ್ಲೂ ಹಾಗೇ, ಗಂಡನ ಮನೆಯಲ್ಲೂ ಹಾಗೇ. ಆದ್ದರಿಂದ ಕಾಗದ ಬಂದ ವಾರದಿಂದ ಅವಳು ಪ್ರತಿ ರವಿವಾರ ಬೂಟು ಹೊರಗೆ ತಂದು, ಲಾಡಿ ಬಿಚ್ಚಿ, ನಾಲಿಗೆ ಎಳೆದು, ಇಲ್ಲದ ಮಣ್ಣನ್ನು ಬ್ರಶ್ಶಿನಿಂದ ತೆಗೆದು, ಹಸಿ ಬಟ್ಟೆಯಿಂದ ಒರೆಸಿ, ಒಲೆಯ ಕಡೆಗೆ ಬೆನ್ನು ಹಾಕಿ ನೆರಳಿನಲ್ಲಿಟ್ಟಳು. ಗಂಡ ಹೇಳಿದ್ದರಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಉಗುರಿನಷ್ಟು ಎಂಬುದನ್ನು ಮಾತ್ರ ಅವನ ಪರವಾಗಿ ತಾನೇ ತಿದ್ದಿಕೊಂಡಳು. ಪರದೇಶದಲ್ಲಿ ಯಾರು ಯಾರಿಗೆ ಏನು ಬಡಿಸುತ್ತಾರೋ. ಇಲ್ಲಿ ತನ್ನ ಕೈಯಲ್ಲಿದೆ. ಅಂಗೈ ತುಂಬ ಹಚ್ಚಿದಳು. ಬೂಟು ಕುಡಿಯಿತು. ಮತ್ತೆ ಹಚ್ಚಿದಳು.

ಎಣ್ಣೆ ಕುಡಿಯುವ ತೊಗಲು ಸತ್ತಿಲ್ಲ ಎಂಬುದು ಅವಳ ಲೆಕ್ಕ. ಪ್ರತಿ ರವಿವಾರ ಕೊನೆಗೆ ಎಡಗಾಲಿನದರಲ್ಲಿ ಕೈ ಹಾಕಿ ಆ ಉಬ್ಬನ್ನು ಒಮ್ಮೆ ಒತ್ತಿ, ಕೈ ತೊಳೆದುಕೊಂಡು, ರೊಟ್ಟಿ ಬಡಿಯಲು ಕೂರುತ್ತಿದ್ದಳು.

ಮೂರು ವರ್ಷ.

೫

ಯುದ್ಧ ಮುಗಿಯಿತು. ಮುಗಿದದ್ದು ಗೋಕಾಕದಲ್ಲಿ ಗೊತ್ತಾಗಿ, ಅಲ್ಲಿಂದ ನಡೆದು ತುಕ್ಕಾನಟ್ಟಿಗೆ ಬಂತು. ಮಾಯಪ್ಪ ಬರಲಿಲ್ಲ. ಇನ್ನಾರು ತಿಂಗಳು ಕಾದರು. ಆಮೇಲೆ ಒಂದು ದಿನ ಹಿರಿಯ ಮಾಲಿಂಗಪ್ಪ ನಾಲ್ಕು ಜನರನ್ನು ಕರೆದುಕೊಂಡು ಬೀರಸಿದ್ದಪ್ಪನ ಕಟ್ಟೆಗೆ ಬಂದು ಕೂತ.

ಕರೆಸಿದವನು ಬೀರಸಿದ್ದಪ್ಪನೇ. ಇದು ಭರಮವ್ವನಿಗೆ ಆಗ ಗೊತ್ತಾಯಿತು.

"ಮಣ್ಣ ಕೊಡದ ಮನಶಾ ಹಾದಿ ಮ್ಯಾಲ ಉಳೀತಾನ," ಎಂದ ಮಾಲಿಂಗಪ್ಪ. "ಹೆಣ ಇಲ್ಲ ಅಂದ್ರ ಅವನು ಮೈಗೆ ತೊಟ್ಟದ್ದು ಏನರ ಇಟ್ಟು ಮಣ್ಣ ಮಾಡಬೇಕು. ಅಂಗಿ ಐತೇನು?"

"ಅಂಗಿ ಇಲ್ಲ," ಎಂದ ಬೀರಸಿದ್ದಪ್ಪ. "ಬೂಟು ಅದಾವು."

ಭರಮವ್ವ ಬಾಗಿಲಲ್ಲಿ ನಿಂತಿದ್ದಳು. ಬೂಟನ್ನು ಕಂಬಳಿಯಲ್ಲಿ ಸುತ್ತಿ ಹೂಳುವುದು ಎಂದರೆ ಏನು ಎಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕುಣಿಗೆ ಮಣ್ಣು ಬಿದ್ದ ಗಳಿಗೆಗೆ ಅವಳ ಕೈಯ ಬಳೆ ಒಡೆಯುತ್ತವೆ. ಕಾಗದ ಹೇಳದೆ ಬಿಟ್ಟದ್ದನ್ನು ಬೂಟು ಹೇಳಿಬಿಡುತ್ತದೆ.

"ಮಾಮಾ, ನೀವು ಕರಿಸಿದ್ರೇನು ಇವ್ರನ್ನ?"

ಮುದುಕ ಅವಳ ಕಡೆ ನೋಡಲಿಲ್ಲ. "ನನಗ ಎಪ್ಪತ್ತ ಆಗೇತಿ ಭರಮಿ. ನನ್ನ ಮಗಗ ನನ್ನ ಕೈಲೆ ಒಂದು ಹಿಡಿ ಮಣ್ಣ ಬೀಳಬೇಕು. ನಾ ಹ್ವಾದಮ್ಯಾಲ ಯಾರ ಹಾಕವ್ರು?"

(ಇಲ್ಲಿ ನಾನು ಒಬ್ಬ ಕ್ರೂರ ಮಾವನನ್ನು ಬರೆಯಬೇಕೆಂದಿದ್ದೆ. ಕಥೆಗೆ ಅನುಕೂಲವಾಗುತ್ತಿತ್ತು. ಅವನು ಈ ಮಾತು ಹೇಳಿ ಎಲ್ಲಾ ಕೆಡಿಸಿದ.)

"ಬೂಟ ಅವನ ಮೈ ಇದ್ದಂಗ. ಬರೂ ಅಮಾಸಿಗೆ ಮಾಡೂನು. ಬೂಟು ತಗೊಂಬಾರವಾ, ಒಮ್ಮಿ ನೋಡೂನು," ಎಂದ ಮಾಲಿಂಗಪ್ಪ.

ತಂದಳು. ಮಾಲಿಂಗಪ್ಪ ಎಡಗಾಲಿನದನ್ನು ಕುತ್ತಿಗೆ ಹಿಡಿದು ಎತ್ತಿದ. ನೆಟ್ಟಗೆ ನಿಲ್ಲಬೇಕಾದ ಬೂಟು ಒದ್ದೆ ಕೌದಿಯ ಹಾಗೆ ಮಡಚಿಕೊಂಡು ಅವನ ಮುಂಗೈ ಮೇಲೆ ಬಿತ್ತು. ಅಟ್ಟೆಯ ಹೊಲಿಗೆಯಿಂದ ಎಣ್ಣೆ ಜಿನುಗಿ ಅವನ ಧೋತರದ ಮೇಲೆ ಎರಡು ಹನಿ ಬಿದ್ದವು.

ಅವರು ಎದ್ದುಹೋದ ಮೇಲೆ ಭರಮವ್ವ ಒಳಗೆ ಕೈ ಹಾಕಿದಳು. ಮುಂದೆ, ಹೊರಮಗ್ಗುಲಿಗೆ. ಹೆಬ್ಬೆರಳು ಹುಡುಕಿತು. ಮೆತ್ತಗಿತ್ತು. ಎಲ್ಲಾ ಕಡೆಯೂ ಒಂದೇ ಸಮ ಮೆತ್ತಗಿತ್ತು. ಯಾವ ರವಿವಾರ ಹೋಯಿತು? ಹೋದ ವಾರ ತಾನು ಒತ್ತಿದ್ದು ಏನನ್ನು?

೬

ಹುಕ್ಕೇರಿಯ ಸಂತೆಯಲ್ಲಿ ಕಲ್ಲಪ್ಪ ಎಂಬ ಸಮಗಾರ ಕೂರುತ್ತಿದ್ದ. ಹದಿನೆಂಟು ವರ್ಷ ಪುಣೆಯ ಕ್ಯಾಂಪಿನಲ್ಲಿ ಸಾಹೇಬರ ಬೂಟು ರಿಪೇರಿ ಮಾಡಿದವನು. ಭರಮವ್ವ ಬೂಟುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಗೋಕಾಕದ ತನಕ ನಡೆದು, ಅಲ್ಲಿಂದ ಇದ್ದಿಲ ಗ್ಯಾಸಿನ ಮೋಟಾರು ಹತ್ತಿದಳು. ಪೆಟ್ರೋಲು ಸಿಗದ ಕಾಲ. ಏರು ಬಂದಾಗಲೆಲ್ಲ ಜನ ಇಳಿದು ಮೋಟಾರನ್ನು ನೂಕಬೇಕಿತ್ತು. ಅವಳು ಒಂದು ಕೈಯಲ್ಲಿ ಬೂಟು ಹಿಡಿದು ಇನ್ನೊಂದು ಕೈಯಲ್ಲಿ ನೂಕಿದಳು. ನಾನು ಲೆಕ್ಕ ಹಾಕಿದ ಪ್ರಕಾರ ಆ ದಿನ ಮೋಟಾರು ಹತ್ತಿದ್ದಕ್ಕಿಂತ ಅವಳು ಮೋಟಾರನ್ನು ಹೊತ್ತದ್ದೇ ಹೆಚ್ಚು.

ಕಲ್ಲಪ್ಪ ಬೂಟನ್ನು ಮೂಸಿ ನೋಡಿದ.

"ಏನ ಹಚ್ಚೀಯವಾ ಇದಕ್ಕ?"

"ಔಡಲೆಣ್ಣಿ."

"ಎಷ್ಟು?"

"ಸಾಕು ಅನ್ನೋತನಕ."

"ಅದು ಎಂದೋ ಸಾಕು ಅಂದೈತಿ ತಂಗೀ. ನಿನಗ ಕೇಳಿಲ್ಲ." ಅವನು ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದ, ಎಣ್ಣೆ ಮೇಲೆ ಬಂತು. "ಕಾಲ್ಮರಿ ತೊಗಲು ಬ್ಯಾರೆ, ಇದು ಬ್ಯಾರೆ. ಅದು ಬಾಯಾರಿದ ತೊಗಲು, ಕೊಟ್ಟಷ್ಟೂ ಕುಡೀತೈತಿ. ಇದಕ್ಕ ಹದಾ ಮಾಡೂವಾಗನ ಕುಡಿಸಿರತಾರ. ದಿನಾ ತೊಟಗೊಂಡು ತಿರಗ್ಯಾಡಿದ್ರ ಒಂದೀಟು ಹೋಗತೈತಿ, ಅಷ್ಟ ಹಚ್ಚೂದು. ಇದನ್ನ ತೊಡವ್ರು ಎಲ್ಲಿ ಅದಾರ?"

ಭರಮವ್ವ ಬೂಟಿನ ಲಾಡಿಯನ್ನು ಬೆರಳಿಗೆ ಸುತ್ತಿಕೊಂಡಳು. ಕಲ್ಲಪ್ಪ ಹದಿನೆಂಟು ವರ್ಷ ಫೌಜಿನವರ ನಡುವೆ ಇದ್ದವನು. ಮತ್ತೆ ಕೇಳಲಿಲ್ಲ.

"ಇಲ್ಲೊಂದು ಉಬ್ಬು ಇತ್ತು ಯಣ್ಣಾ," ಎಂದು ಅವನ ಕೈ ಹಿಡಿದು ಒಳಗೆ ತೋರಿಸಿದಳು. "ಇಷ್ಟ. ಅವರಿಕಾಳಷ್ಟು. ಅದು ತಿರುಗಿ ಬರೂ ಹಂಗ ಮಾಡು."

ಅವನು ಬಹಳ ಹೊತ್ತು ಒಳಗೆ ಬೆರಳಾಡಿಸಿದ.

"ಎಣ್ಣಿ ತಗೀಬಹುದು," ಎಂದ ಕೊನೆಗೆ. "ಒಣಾ ತೌಡು ತುಂಬು. ತೌಡು ಎಣ್ಣಿ ಎಳಕೋತೈತಿ. ದಿನಾ ಮುಂಜೇಲೆ ಆ ತೌಡು ಚೆಲ್ಲಿ ಹೊಸಾದು ತುಂಬು. ಎಣ್ಣಿ ಬರೂದು ನಿಂತಾಗ ಬೂಟು ಎದ್ದು ನಿಲ್ಲತೈತಿ."

"ಉಬ್ಬು?"

"ಬೂಟು ನಿಲ್ಲತೈತಿ ಅಂತ ಹೇಳಿದ್ನಲ್ಲ."

"ಉಬ್ಬು ಯಣ್ಣಾ."

"ಅದನ್ನ ಮಾಡಿದ ಕಾಲು ಬೇಕು ತಂಗೀ. ತೌಡಿಗೆ ಆಗೂದಿಲ್ಲ."

ಕೂಲಿ ಕೊಡಹೋದರೆ ಅವನು ತೆಗೆದುಕೊಳ್ಳಲಿಲ್ಲ. ಏನೂ ಮಾಡಿಲ್ಲವಲ್ಲ ಎಂದ.

೭

(ಹುಕ್ಕೇರಿಯಿಂದ ತಿರುಗಿ ಬರುವಾಗ ಅವಳು ಏನು ಯೋಚಿಸಿದಳು ಎಂದು ನಾನು ನಾಲ್ಕು ಪುಟ ಬರೆದಿದ್ದೆ. ಓದಿ ಹೇಳಿದೆ. "ನಾ ಏನೂ ಯೋಚಿಸಿಲ್ಲ ಕಾಕಾ, ಮೋಟಾರ ನೂಕಾಕತ್ತಿದ್ದೆ," ಎಂದಳು. ನಾಲ್ಕು ಪುಟ ಹೋಯಿತು.)

೮

ಅಮಾವಾಸ್ಯೆಯ ದಿನ ಮುಂಜಾನೆ ಊರ ಹೊರಗೆ ಕುಣಿ ತೋಡಿದ್ದರು. ಮಾಲಿಂಗಪ್ಪ ಭಂಡಾರ, ಹೊಸ ಕಂಬಳಿ ಎಲ್ಲಾ ತಂದಿದ್ದ. ಬಳೆ ಒಡೆಯಲು ಲಗಮವ್ವ ಎಂಬ ಮುದುಕಿ ಬಂದು ಒಂದು ಬದಿಗೆ ಕೂತಿದ್ದಳು. ಊರಿನಲ್ಲಿ ಆ ಕೆಲಸ ಅವಳದು, ಅವಳಿಗೂ ಅದು ಇಷ್ಟವಿರಲಿಲ್ಲ. ಭರಮವ್ವ ಬೂಟು ತಂದು ನಡುವೆ ಇಟ್ಟಳು. ಎರಡರ ಬಾಯಿಯ ತನಕ ತೌಡು ತುಂಬಿತ್ತು.

"ಇದೇನಿದು?" ಎಂದ ಮಾಲಿಂಗಪ್ಪ.

"ಔಷಧ."

"ಯಾರಿಗೆ?"

"ಬೂಟಿಗೆ. ಎಣ್ಣಿ ಭಾಳ ಕುಡದು ಜಡ್ಡು ಬಿದ್ದಾವು. ಹುಕ್ಕೇರಿಯೊಳಗ ತೋರಿಸ್ಕೊಂಡು ಬಂದೀನಿ. ದಿನಾ ತೌಡು ಬದಲಿ ಮಾಡಬೇಕಂತ."

"ಹೂಳೂ ಬೂಟಿಗೆ ಔಷಧ ಯಾಕವಾ?"

ಭರಮವ್ವ ಸೆರಗು ಸರಿ ಮಾಡಿಕೊಂಡಳು. ಮುಂದಿನ ಮಾತನ್ನು ಅವಳು ಮೋಟಾರು ನೂಕುತ್ತ ಹೊಂದಿಸಿಕೊಂಡಿದ್ದಳು ಎಂದು ನನ್ನ ಗುಮಾನಿ, ಅವಳು ಒಪ್ಪುವುದಿಲ್ಲ.

"ಮುತ್ಯಾ, ಈ ಬೂಟು ನಮ್ಮವ್ರ ಮೈ ಇದ್ದಂಗ ಅಂತ ನೀವ ಹೇಳಿದ್ರಿ ಹೌದಿಲ್ಲೋ?"

"ಹೇಳೀನಿ."

"ಜಡ್ಡಿನ ಮೈಗೆ ಔಷಧ ನಡದೈತಿ. ಔಷಧ ನಡದಾಗ ನಮ್ಮೂರಾಗ ಎಂದರ ಯಾರಿಗರ ಮಣ್ಣ ಕೊಟ್ಟಾರೇನು?"

ಮಾಲಿಂಗಪ್ಪ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ಅರವತ್ತು ವರ್ಷದಲ್ಲಿ ಎಷ್ಟೋ ನ್ಯಾಯ ಹೇಳಿದವನು. ಬೂಟು ಮೈಯಲ್ಲ ಎಂದರೆ ಹೂಳುವಂತಿಲ್ಲ. ಮೈಯೇ ಎಂದರೆ ಔಷಧ ಮುಗಿಯದೆ ಹೂಳುವಂತಿಲ್ಲ. ಅವನು ಗಡ್ಡ ಕೆರೆದುಕೊಂಡು, ಎಲೆಯಡಿಕೆ ಹಾಕಿಕೊಂಡು, ಅದು ಮುಗಿಯುವ ತನಕ ಅಗಿದ.

"ಎಷ್ಟ ದಿನ ಐತಿ ಔಷಧ?"

"ಎಣ್ಣಿ ಬರೂದು ನಿಲ್ಲೋತನಕ."

"ನಿಂತಮ್ಯಾಲ?"

ಭರಮವ್ವ ಆ ಪ್ರಶ್ನೆಗೆ ಸಿದ್ಧಳಾಗಿರಲಿಲ್ಲ. "ನಿಂತಮ್ಯಾಲ ನೀವು ಹೇಳಿದಂಗ," ಎಂದುಬಿಟ್ಟಳು.

ಲಗಮವ್ವ ಎಲ್ಲರಿಗಿಂತ ಮೊದಲು ಎದ್ದು ಮನೆಗೆ ಹೋದಳು. ಕುಣಿಯನ್ನು ಹಾಗೇ ಬಿಡಬಾರದೆಂದು ಮುಚ್ಚಿದರು. ಒಳಗೆ ಏನೂ ಇಲ್ಲದ ಕುಣಿ. ಬೀರಸಿದ್ದಪ್ಪ ಹಿಡಿಯಲ್ಲಿ ತೆಗೆದುಕೊಂಡಿದ್ದ ಮಣ್ಣನ್ನು ಎಲ್ಲಿ ಹಾಕಬೇಕೋ ತಿಳಿಯದೆ ಹಾಗೇ ಹಿಡಿದುಕೊಂಡು ಮನೆಗೆ ಬಂದ.

೯

ಬೀರಸಿದ್ದಪ್ಪ ಮೂರು ದಿನ ಸೊಸೆಯ ಜೊತೆ ಮಾತಾಡಲಿಲ್ಲ. ನಾಲ್ಕನೆಯ ಮುಂಜಾನೆ ಅವಳು ಕಟ್ಟೆಯ ಮೇಲೆ ಹಳೆಯ ತೌಡು ಚೆಲ್ಲುತ್ತಿದ್ದಾಗ ಬಂದು ಬಾಜೂ ಕೂತ. ತೌಡು ಎಣ್ಣೆ ಹೀರಿ ಕಂದು ಮುದ್ದೆಯಾಗಿತ್ತು.

"ನೀ ಗೆದ್ದಿ," ಎಂದ.

"ಗೆದ್ದಿಲ್ಲ ಮಾಮಾ." ಅವಳಿಗೆ ಇನ್ನು ಮುಚ್ಚಿಡಲು ಆಗಲಿಲ್ಲ. "ಅವ್ರ ಬೆರಳಿನ ಗುರುತ ಇತ್ತು ಇದರಾಗ. ಟಗರು ತುಳದ ಬೆರಳಿಂದು. ನಾನ ಎಣ್ಣಿ ಹಚ್ಚಿ ಹಚ್ಚಿ ಅಳಿಸೀನಿ. ಮೂರು ವರ್ಷ ನಾನ ಅಳಿಸೀನಿ ಮಾಮಾ. ಉಗುರಿನಷ್ಟು ಅಂತ ಹೇಳಿದ್ರು ಅವ್ರು."

ಮುದುಕ ಎಡಗಾಲಿನ ಬೂಟನ್ನು ತೆಗೆದುಕೊಂಡ. ಕಾಲು ಹೋಗದ ಬೂಟಿನಲ್ಲಿ ಕೈ ಹೋಯಿತು. ಅರವತ್ತು ವರ್ಷ ಬಡಿಗೆ ಹಿಡಿದು, ಉಣ್ಣೆ ಕತ್ತರಿಸಿ ದಪ್ಪಗಟ್ಟಿದ ಬೆರಳು. ಅವನ ಕಣ್ಣು ಮುಚ್ಚಿದ್ದವು. ಒಳಗೆ ಕೈ ಮುಂದಕ್ಕೆ ಹೋಯಿತು, ನಿಂತಿತು, ಹೊರಮಗ್ಗುಲಿಗೆ ತಿರುಗಿತು.

"ಐತಲ್ಲ," ಎಂದ.

"ಇಲ್ಲ ಮಾಮಾ."

"ಐತಿ. ಇಲ್ಲೆ. ನನ್ನ ಬೆರಳ ಕೆಳಗ ಐತಿ. ಟಗರು ತುಳದಾಗ ಈ ಬೆರಳಿಗೆ ಅರಿವಿ ಕಟ್ಟಿದಾವ ನಾನ. ನನಗ ತಿಳಿಯೂದಿಲ್ಲೇನು?"

ಅವನು ಕೈ ತೆಗೆದ. ಭರಮವ್ವ ಹಾಕಿ ನೋಡಿದಳು. ಅವಳಿಗೆ ಸಿಗಲಿಲ್ಲ.

ಮುದುಕ ಸುಳ್ಳು ಹೇಳಿದನೇ? ಬರೆಯುವವನು ನಾನು, ನನಗೆ ಗೊತ್ತಿರಬೇಕು. ಅವನನ್ನೇ ಕೇಳಿದೆ. "ನೀ ನಿನ್ನ ಕೆಲಸ ನೋಡ್ಕೊ," ಎಂದ.

ಮರುದಿನದಿಂದ ತೌಡು ಜರಡಿ ಹಿಡಿದು ತಂದುಕೊಡುವ ಕೆಲಸ ಅವನು ತೆಗೆದುಕೊಂಡ.

೧೦

ಈಗ ಎಂಡಿಂಗ್. ನನ್ನ ಬಳಿ ಎರಡು ಸಿದ್ಧವಿದ್ದವು. ಭರಮವ್ವ ಕಟ್ಟೆಯ ಮೇಲೆ ಬೂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಒಂದೊಂದಾಗಿ ಮುಂದಿಟ್ಟೆ.

ಒಂದು: ಮಾಯಪ್ಪ ತಿರುಗಿ ಬರುತ್ತಾನೆ. ಸೆರೆಯಲ್ಲಿದ್ದು ಬಡಕಲಾಗಿದ್ದಾನೆ. ಮೆತ್ತಗಾದ ಬೂಟಿನಲ್ಲಿ ಕಾಲಿಡುತ್ತಾನೆ, ಮೆತ್ತಗಿರುವುದರಿಂದಲೇ ನೋಯುವುದಿಲ್ಲ.

"ನೀವು ಬರದ್ರ ಬರ್ತಾರೇನ್ರಿ ಅವ್ರು?" ಎಂದಳು.

"ಇಲ್ಲ ಯವ್ವಾ."

"ಹಂಗಾದ್ರ ಬ್ಯಾಡ. ಖರೇನ ಬಂದಾಗ ಅದು ಆಗಲೆ ಒಮ್ಮಿ ಆಗಿ ಹ್ವಾದದ್ದು ಆಗಬಾರ್ದು."

ಎರಡು: ಹೂಳುತ್ತಾರೆ.

"ನನ್ನ ಬಳಿ ಒಡೆಯೂದು ಎಷ್ಟು ಸಾಲು ಬರದೀರಿ?"

"ಹನ್ನೊಂದು."

"ಭಾಳ ಮನಸಿಟ್ಟು ಬರದೀರಿ ಹಂಗಾದ್ರ."

ಆ ಹಾಳೆಯನ್ನು ಅವಳ ಮುಂದೆಯೇ ಹರಿದೆ. ಹನ್ನೊಂದರಲ್ಲಿ ಎರಡು ಸಾಲು ನಿಜಕ್ಕೂ ಚೆನ್ನಾಗಿದ್ದವು.

ಉಳಿದದ್ದು ನಾನು ಬರೆಯದೆ ಇಟ್ಟುಕೊಂಡದ್ದು. ಹತ್ತಿರದಿಂದ ನೋಡುತ್ತಿರುವವನು ನಾನು. ಮೊದಲ ವಾರ ಮುದ್ದೆಯಾಗಿ ಬಿದ್ದ ತೌಡು ಈಗೀಗ ಪುಡಿಪುಡಿಯಾಗಿ ಬೀಳುತ್ತಿದೆ. ಎಣ್ಣೆ ಬರುವುದು ನಿಲ್ಲುತ್ತ ಬಂದಿದೆ. ಅವಳೂ ನೋಡುತ್ತಿದ್ದಾಳೆ. ಅಂಗಳದಲ್ಲಿ ಬೀರಸಿದ್ದಪ್ಪ ಜರಡಿ ಅಲ್ಲಾಡಿಸುವ ಸದ್ದು ಬರುತ್ತಿತ್ತು. ಮಾಲಿಂಗಪ್ಪ ಎರಡು ಸಲ ಈ ಓಣಿಯಲ್ಲಿ ಹಾದುಹೋದ, ಬೂಟಿನ ಕಡೆ ಮಾತ್ರ ನೋಡಿದ.

"ಇನ್ನೊಂದು ಐತಿ ಭರಮವ್ವಾ," ಎಂದೆ. "ಇದನ್ನ ಪೂರಾ ಕೇಳು. ಬ್ಯಾಡ ಅಂದ್ರ ಹರೀತೇನಿ."

ಅವಳು ಹೂಂ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಹಾಗಾಗಿ ಶುರು ಮಾಡಿದೆ.

"ಒಂದು ರವಿವಾರ ಮುಂಜೇಲೆ ನೀ ಎದ್ದು, ಇಲ್ಲೇ ಕುಂತು, ಬೂಟು ಬೋರಲ ಹಾಕತಿ. ತೌಡು ಬೀಳತೈತಿ. ನೀ ಅದನ್ನ ಮುಷ್ಟಿಯೊಳಗ ಹಿಡದು ಹಿಚುಕತಿ. ಮುಷ್ಟಿ ಬಿಚ್ಚಿ ನೋಡಿದ್ರ ಅಂಗೈಗೆ ಎಣ್ಣಿ..."

ಭರಮವ್ವ ಬೂಟು ಎತ್ತಿಕೊಂಡು ಎದ್ದು ಒಳಗೆ ಹೊರಟಳು.

"...ಎಣ್ಣಿ ಹತ್ತೇತೋ ಇಲ್ಲೋ ಅಂತ ನೀನ ಮಾಮಾಗ ಕರದು, ಕೇಳು ಯವ್ವಾ, ಇನ್ನೊಂದ ಸಾಲು ಐತಿ, ಮಾಮಾಗ ಕರದು ಕೈ ಮುಂದ ಚಾಚಿ ನೀ..."